ಕೆಳಮೈದಾನದ ಲೋರ್ನಾ

ನಮ್ಮ ಸೈನಿಕ ಅಕಾಡೆಮಿಯಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಎನ್ನುತ್ತಾರೆ. ಚೆಂಡನ್ನು ನಿಜವಾಗಿಯೂ ಕಾಲಿನಲ್ಲಿ ಒದೆಯುವ ಆಟಕ್ಕೆ ಸಾಕರ್ ಎನ್ನುತ್ತಾರೆ. ಮೊದಲಿನದಕ್ಕೆ ಗುಡ್ಡದ ಮೇಲೆ ಕಲ್ಲಿನ ಕ್ರೀಡಾಂಗಣ, ಬ್ಯಾಂಡು, ತೋಪಿನ ಸದ್ದು. ಎರಡನೆಯದಕ್ಕೆ ನದಿಯ ಪಕ್ಕದ ಕೆಳಮೈದಾನ, ಅದರ ತುಂಬ ಹೆಬ್ಬಾತುಗಳ ಹಿಕ್ಕೆ. ನಾನು, ಗಸ್ ಪೆಲೆಗ್ರಿನೊ, ಈ ಎರಡನೆಯ ತಂಡದ ಬಸ್ ಓಡಿಸಿದವನು. ಪಕ್ಷಪಾತ ಮಾಡುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ನನಗೇನೂ ಬೇಸರವಿಲ್ಲ.

ಈ ತಂಡದ ಚರಿತ್ರೆಯನ್ನು ಯಾರೂ ಕೂತು ಬರೆದಿಲ್ಲ. ಅದು ಇದ್ದದ್ದು ಲೋರ್ನಾ ವ್ಯಾಂಡರ್‌ಮಾರ್ಕಳ ಬಾಯಲ್ಲಿ. ಲೋರ್ನಾ ತಂಡದ ಸಾಮಾನು ಕೋಣೆಯವಳು. ಜೆರ್ಸಿ ಒಗೆಯುವುದು, ಹರಿದ ಬಲೆ ಹೊಲಿಯುವುದು, ಚೆಂಡಿಗೆ ಗಾಳಿ ತುಂಬುವುದು ಅವಳ ಕೆಲಸ. ಅವಳ ಮಾವ ಕೆಳಮೈದಾನದ ಹುಲ್ಲು ಕತ್ತರಿಸುತ್ತಿದ್ದ. ಗಂಡ ಸುಣ್ಣದ ಗೆರೆ ಎಳೆಯುತ್ತಿದ್ದ. ಗಂಡ ತೀರಿಕೊಂಡ ಮೇಲೂ ಅವಳು ಅಲ್ಲೇ ಉಳಿದಳು. ಮಕ್ಕಳಿರಲಿಲ್ಲ. ಇದ್ದರು ಅಂದರೂ ತಪ್ಪಲ್ಲ, ಏಕೆಂದರೆ ಪ್ರತಿ ಭಾನುವಾರ ಅವಳ ಅಡುಗೆಮನೆಯಲ್ಲಿ ಅರ್ಧ ತಂಡ ಕೂತು ಕೋಳಿ, ನೂಡಲ್ಸು, ಸೇಬಿನ ಪೈ ಬಾರಿಸುತ್ತಿತ್ತು. ಕೆಡೆಟ್‌ಗಳನ್ನು ಹೀಗೆ ಮನೆಗೆ ಕರೆದು ಉಣ್ಣಿಸುವುದು ನಮ್ಮ ಊರಿನ ಎಷ್ಟೋ ಮನೆಗಳ ರೂಢಿ.

ಮೊದಲ ವರ್ಷದ ಹುಡುಗರು ಬಂದ ಕೂಡಲೇ ಲೋರ್ನಾ ಚರಿತ್ರೆ ಶುರು ಮಾಡುತ್ತಿದ್ದಳು. ಬೇರೆ ದೇಶಗಳಲ್ಲಿ ಬೆಳೆದ ನಾಲ್ಕಾರು ಹುಡುಗರು ಸೇರಿ ಈ ತಂಡ ಕಟ್ಟಬೇಕೆಂದು ಅಂದಿನ ಕರ್ನಲ್ ಹತ್ತಿರ ಹೋದರಂತೆ. "ಇದರಿಂದ ಯುದ್ಧಕ್ಕೆ ಏನಯ್ಯಾ ಉಪಯೋಗ?" ಎಂದು ಅವನು ಕೇಳಿದನಂತೆ. "ಚೆನ್ನಾಗಿ ಓಡೋದು ಅಭ್ಯಾಸ ಆಗುತ್ತೆ ಸಾರ್." "ಯಾವ ಕಡೆಗೆ?" ಎಂದನಂತೆ ಕರ್ನಲ್. ಆದರೂ ಯಾರಿಗೂ ಬೇಡದ ಜೌಗು ನೆಲ ಒಂದನ್ನು ಕೊಟ್ಟ. ಹುಡುಗರೇ ಮಣ್ಣು ಹೊತ್ತು ಹಾಕಿ ಅದನ್ನು ಮೈದಾನ ಮಾಡಿದರು. ಮುಂದೆ ಇದೇ ತಂಡ ಒಮ್ಮೆ ಇಡೀ ದೇಶದಲ್ಲಿ ಕೊನೆಯ ನಾಲ್ಕರವರೆಗೆ ಹೋಯಿತು. ಹಿಮ ಸುರಿಯುತ್ತಿದ್ದಾಗ ಆಡಿ ಪೆನಾಲ್ಟಿಯಲ್ಲಿ ಸೋತಿತು. ಆ ಪೆನಾಲ್ಟಿಯ ಬಗ್ಗೆ ನಮ್ಮ ಊರಿನ ಕ್ಷೌರದಂಗಡಿಯಲ್ಲಿ ಈಗಲೂ ಜಗಳವಾಗುತ್ತದೆ.

ಸಾಮಾನು ಕೋಣೆಯ ಮುಂದಿನ ಮೊಗಸಾಲೆಯುದ್ದಕ್ಕೂ ಪ್ರತಿ ವರ್ಷದ ತಂಡದ ಫೋಟೋ ಇದೆ. ಯುದ್ಧದಲ್ಲಿ ಸತ್ತವರ ಕಾಲಡಿಗೆ ಒಂದೊಂದು ಪುಟ್ಟ ಹಿತ್ತಾಳೆ ನಕ್ಷತ್ರ. ವಿಯೆಟ್ನಾಂ ಕಾಲದ ಒಂದು ಫೋಟೋದಲ್ಲಿ ನಕ್ಷತ್ರಗಳು ಒತ್ತೊತ್ತಾಗಿವೆ. ಲೋರ್ನಾ ಅವಕ್ಕೆ ವಿನೆಗರ್ ಹಚ್ಚಿ ಉಜ್ಜುತ್ತಾ, "ಇವ್ನಿಗೆ ಎಡಗಾಲು ಮಾತ್ರ ಆಡ್ತಿತ್ತು, ಬಲಗಾಲು ಬರೀ ನಿಲ್ಲೋಕೆ," ಎಂದು ತಾನು ಕಣ್ಣಾರೆ ಕಾಣದ ಹುಡುಗನನ್ನೂ ತಮಾಷೆ ಮಾಡುತ್ತಿದ್ದಳು.

ಈಗ ನಮ್ಮ ಊರಿನ ಒಂದು ವಿಚಾರ ಹೇಳಬೇಕು. ಅಕಾಡೆಮಿಯ ಮಕ್ಕಳು ಸುಳ್ಳು ಹೇಳಬಾರದು, ಕದಿಯಬಾರದು, ಮೋಸ ಮಾಡಬಾರದು. ಇಷ್ಟು ಎಲ್ಲ ಶಾಲೆಯಲ್ಲೂ ಇರುತ್ತದೆ. ನಮ್ಮಲ್ಲಿ ಇನ್ನೊಂದು ಇದೆ: ಬೇರೊಬ್ಬ ಸುಳ್ಳು ಹೇಳಿದ್ದು ಗೊತ್ತಿದ್ದೂ ಸುಮ್ಮನಿದ್ದವನು ಅವನಷ್ಟೇ ತಪ್ಪಿತಸ್ಥ. ಇಬ್ಬರೂ ಪೆಟ್ಟಿಗೆ ಕಟ್ಟಿ ಅಕಾಡೆಮಿ ಬಿಡಬೇಕು. ಹಾಗಾಗಿ ಕ್ಷೌರಿಕನಿಂದ ಹಿಡಿದು ಬ್ರೆಡ್ ಅಂಗಡಿಯವಳವರೆಗೆ ಊರಿನವರು ಯಾರೂ ಒಬ್ಬ ಕೆಡೆಟ್‌ನ ವಿಷಯವನ್ನು ಇನ್ನೊಬ್ಬ ಕೆಡೆಟ್‌ನ ಕಿವಿಗೆ ಹಾಕುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೂ ಮೊದಲು ಕಲಿಸುವ ಪಾಠ ಇದೇ.

ನನಗೆ ಇದನ್ನು ಕಲಿಸಿದವಳು ಲೋರ್ನಾ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸ್ಸಿನಲ್ಲಿ ಇನ್ನೊಬ್ಬ ಕೆಡೆಟ್ ಮಾಡಿದ್ದರ ಕಥೆಯನ್ನು ನಾನು ಹುಡುಗನೊಬ್ಬನ ಎದುರು ರಸವತ್ತಾಗಿ ಶುರು ಮಾಡಿದ್ದೆ. ಅವಳು ಓಡಿ ಬಂದು ನನ್ನ ಬಾಯಿಗೆ ಒಂದಿಡೀ ಬಿಸ್ಕತ್ತು ತುರುಕಿದಳು. ಹುಡುಗ ಹೋದ ಮೇಲೆ ತರಾಟೆಗೆ ತೆಗೆದುಕೊಂಡಳು.

"ನೀನು ಕಥೆ ಹೇಳ್ತಿಲ್ಲ ಗಸ್, ಆ ಮಗು ತಲೆ ಮೇಲೆ ಕಲ್ಲು ಹೊರಿಸ್ತಿದೀಯ. ನಿಂಗೆ ಬಾಯಿ ತುರಿಸಿದ್ರೆ ಮನೆಗೆ ಹೋಗಿ ಹೆಂಡ್ತಿ ಹತ್ರ ಹೇಳು."

"ಅವಳು ನಾನು ಹೇಳೋದನ್ನ ಎಲ್ಲಿ ಕೇಳ್ತಾಳೆ?"

"ಹಂಗಾದ್ರೆ ನಾಯಿ ಸಾಕ್ಕೋ."

ಇಷ್ಟು ಬಿಗಿಯಾಗಿದ್ದವಳು ಲೋರ್ನಾ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ, ಅವಳೂ ಒಂದು ದಿನಕ್ಕೂ ಮರೆಯಲಿಲ್ಲ.

ಆ ವರ್ಷ ತಂಡದ ನಾಯಕ ಏಮಸ್ ಟಿಲರಿ, ಒಹಾಯೋದ ಮೆಕ್ಕೆಜೋಳದ ಸೀಮೆಯವನು. ಕೊನೆಯ ವರ್ಷದ ಗಂಭೀರ ಹುಡುಗ. ನಕ್ಕರೂ ಅಪ್ಪಣೆ ಪಡೆದು ನಕ್ಕಂತೆ ಇರುತ್ತಿತ್ತು. ಗೋಲಿನಲ್ಲಿ ಡ್ಯಾನಿ ಕ್ವಿಂಟನಿಯಾ, ಮೆಕ್ಸಿಕೋ ಗಡಿಯ ಲಾರೆಡೋ ಊರಿನವನು. ಉದ್ದ ತೋಳು, ಅದಕ್ಕಿಂತ ಉದ್ದ ಹಸಿವು. ಅವನು ಲೋರ್ನಾಳ ಮನೆಗೆ ಬಂದರೆ ಪಾತ್ರೆಗಳಿಗೂ ಭಯ. ಇಬ್ಬರೂ ಪ್ರಾಣ ಸ್ನೇಹಿತರು.

ಅಕ್ಟೋಬರ್ ತಿಂಗಳು. ನಾವಿಕರ ಅಕಾಡೆಮಿಯ ಎದುರಿನ ಪಂದ್ಯ ಹತ್ತಿರವಾಗಿತ್ತು. ವರ್ಷವಿಡೀ ಸೋತರೂ ನಾವಿಕರನ್ನು ಗೆದ್ದರೆ ಸಾಕು ಎನ್ನುವಂಥ ಪಂದ್ಯ ಅದು. ಆಟ ಮುಗಿದ ಮೇಲೆ ಎರಡೂ ಶಾಲೆಯ ಹಾಡು ಹಾಡುತ್ತಾರೆ. ಸೋತವರ ಹಾಡು ಮೊದಲು, ಗೆದ್ದವರದು ಆಮೇಲೆ. ಎರಡನೆಯದಾಗಿ ಹಾಡುವುದಕ್ಕೆ ನಮ್ಮ ಹುಡುಗರು ಪ್ರಾಣ ಬಿಡುತ್ತಾರೆ.

ಆ ಶನಿವಾರ ಡ್ಯಾನಿಗೆ ರಜೆ ಸಿಕ್ಕಿದ್ದು ಲೋರ್ನಾಳ ಮನೆಗೆ ಹೋಗಿಬರಲು ಮಾತ್ರ. ಸೇತುವೆ ದಾಟುವಂತಿರಲಿಲ್ಲ. ಆದರೆ ಸೇತುವೆಯಾಚೆ ಟ್ರಕ್ಕುಗಳು ನಿಲ್ಲುವ ಹೋಟೆಲಿಗೆ ಅವನ ಅಪ್ಪ ಬಂದಿದ್ದರು. ಅಪ್ಪ ಎಉಸೆಬಿಯೊ ಈರುಳ್ಳಿ ಸಾಗಿಸುವ ಟ್ರಕ್ಕಿನವರು. ಅಪ್ಪ ಮಗ ಮುಖ ನೋಡಿ ವರ್ಷ ಕಳೆದಿತ್ತು. ಡ್ಯಾನಿ ಲೋರ್ನಾಳ ಮನೆಯಲ್ಲಿ ಊಟ ಮುಗಿಸಿ, "ಮ್ಯಾಮ್, ಅಪ್ಪ ಬಂದಿದಾರೆ, ಸ್ವಲ್ಪ ಹೋಗಿ ಬರ್ತೀನಿ," ಎಂದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಒಂದಿಡೀ ಪೈ ಕಟ್ಟಿಕೊಟ್ಟಳು. ಅವನು ಸೇತುವೆ ಹತ್ತುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ಪರದೆ ಎಳೆದಳು.

ಸಂಜೆ ಅಕಾಡೆಮಿಯ ಬಾಗಿಲಲ್ಲಿ ಕಾವಲಿನ ಅಧಿಕಾರಿ ಡ್ಯಾನಿಯನ್ನು ಕೇಳಿದ, "ಇಡೀ ದಿನ ಎಲ್ಲಿದ್ದೆ?"

"ಮಿಸೆಸ್ ವ್ಯಾಂಡರ್‌ಮಾರ್ಕ್ ಮನೇಲಿ ಸಾರ್."

ಪಕ್ಕದಲ್ಲೇ ಏಮಸ್ ನಿಂತಿದ್ದ. ಸೇತುವೆ ದಾಟಿದ್ದಕ್ಕೆ ಸಿಗಬಹುದಾಗಿದ್ದ ಶಿಕ್ಷೆ, ಕೆಲವು ವಾರ ಬಂದೂಕು ಹೊತ್ತು ಅಂಗಳದಲ್ಲಿ ಸುತ್ತುವುದು. ಅದರ ಜೊತೆ ನಾವಿಕರ ಪಂದ್ಯವೂ ತಪ್ಪುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಹುಡುಗ ಒಂದು ವಾಕ್ಯದಲ್ಲಿ ಇಡೀ ಬದುಕನ್ನೇ ಒತ್ತೆಯಿಟ್ಟ. ಅವನ ವಯಸ್ಸಿನಲ್ಲಿ ನಾನು ದಿನಕ್ಕೆ ಅಂಥ ಹತ್ತು ವಾಕ್ಯ ಹೇಳಿ ಆರಾಮಾಗಿ ನಿದ್ದೆ ಮಾಡುತ್ತಿದ್ದೆ.

ಬುಧವಾರ ಮಧ್ಯಾಹ್ನ ನಾನು ಸಾಮಾನು ಕೋಣೆಯಲ್ಲಿ ನೀರಿನ ಡಬ್ಬಗಳನ್ನು ತುಂಬಿಸುತ್ತಿದ್ದೆ. ಲೋರ್ನಾ ನೆಲದ ಮೇಲೆ ಕೂತು ಬಲೆ ಹೊಲಿಯುತ್ತಿದ್ದಳು. ಏಮಸ್ ಬೂಟಿನ ದಾರ ಕೇಳಿಕೊಂಡು ಬಂದ. ಮಾತಿಗೆ ಮಾತು ಬಂದು, ಮನೆಗೆ ಫೋನ್ ಮಾಡದೆ ತಿಂಗಳಾಯಿತು ಎಂದ. ಲೋರ್ನಾಗೆ ರೇಗಿತು.

"ತಿಂಗಳಾ? ನಾಚಿಕೆ ಆಗಲ್ವೇನೋ? ಆ ಡ್ಯಾನಿ ನೋಡಿ ಕಲಿ. ಅಷ್ಟು ಗಾಳಿಯಲ್ಲಿ ಸೇತುವೆ ದಾಟಿ ಅಪ್ಪನ್ನ ನೋಡೋಕೆ ಹೋದ, ನನ್ನ ಇಡೀ ಪೈ ಹೊತ್ಕೊಂಡು! ಮಗ ಅಂದ್ರೆ ಹಂಗಿರ್ಬೇಕು. ನಿಂಗೆ ಫೋನಿನ ಗುಂಡಿ ಒತ್ತೋಕೆ ಬೆರಳು ನೋಯುತ್ತಾ?"

"ಯಾವತ್ತು ಹೋಗಿದ್ದ ಮ್ಯಾಮ್?"

"ಶನಿವಾರ. ಇನ್ಯಾವತ್ತು?"

ಏಮಸ್ ಬಗ್ಗಿ ಬೂಟಿನ ದಾರ ಪೋಣಿಸುತ್ತಿದ್ದವನು ಹಾಗೆಯೇ ನಿಂತ. ಬಾಗಿಲ ಬಳಿ ಡ್ಯಾನಿ ಹೇಳಿದ್ದು ಲೋರ್ನಾಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅವಳು ಅಷ್ಟು ವರ್ಷ ಆ ಮಕ್ಕಳ ಮುಖ ಓದಿದವಳು. ಅವನ ಮುಖದಲ್ಲಿ ಬಣ್ಣ ಇಳಿದದ್ದನ್ನು ಕಂಡದ್ದೇ ಅವಳ ಸೂಜಿ ನಿಂತಿತು. ಅವನು ಅರ್ಧ ಕಟ್ಟಿದ ಬೂಟಿನಲ್ಲೇ ಹೊರಟು ಹೋದ.

"ಗಸ್," ಎಂದಳು. "ನಾನು ಏನು ಮಾಡ್ಬಿಟ್ಟೆ?"

ನಾನು ಸಮಾಧಾನಕ್ಕೆ, "ಹೊಗಳಿದ್ದು ತಾನೇ," ಎಂದೆ. ಬೈದಿದ್ದರೂ ಇಷ್ಟು ಕೆಡುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಯಾರ ಮೇಲಾದರೂ ಸಿಟ್ಟು ಬಂದರೆ ಅವಳು ಬಾಯಿ ಕಟ್ಟಿಕೊಳ್ಳಬಲ್ಲವಳು. ಅಕ್ಕರೆ ಉಕ್ಕಿದಾಗ ಆಗಲಿಲ್ಲ.

ಮರುದಿನ ಅದೇ ಹೊತ್ತಿಗೆ ಏಮಸ್ ಬಂದ. ಕಣ್ಣು ಕೆಂಪಾಗಿದ್ದವು. ಅವನು ಸಹಾಯ ಕೇಳುವಂತಿರಲಿಲ್ಲ. ಸುಳ್ಳು ಹೇಳಿ ಎನ್ನುವುದಿರಲಿ, ಅಂಥ ಆಸೆಯನ್ನು ತೋರಿಸಿಕೊಳ್ಳುವಂತೆಯೂ ಇರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ.

"ಮ್ಯಾಮ್, ನಿನ್ನೆ ನೀವು ಶನಿವಾರ ಅಂದ್ರಲ್ಲ. ಸೇತುವೆ ದಾಟಿದ ಅಂದ್ರಲ್ಲ. ಅದು ಖಚಿತಾನಾ?"

ಲೋರ್ನಾ ನಕ್ಕಳು.

"ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಸೇತುವೆ ದಾಟಿದ್ದು ಅವರಪ್ಪ ಕಣೋ. ಡ್ಯಾನಿ ಸೇತುವೆ ತುದೀವರೆಗೂ ಹೋಗಿ ಕರ್ಕೊಂಡು ಬಂದ. ಇಬ್ರೂ ನನ್ನ ಅಡುಗೆಮನೇಲೇ ಕೂತು ಪೈ ತಿಂದ್ರು. ಕಥೆಗೆ ಉಪ್ಪು ಖಾರ ಹಾಕೋ ಚಟ ನಂದು."

ಏಮಸ್ ಅವಳನ್ನೇ ನೋಡುತ್ತಾ ನಿಂತ. ನಾನು ನೀರಿನ ಡಬ್ಬ ನೋಡುತ್ತಾ ನಿಂತೆ. "ಥ್ಯಾಂಕ್ಯೂ ಮ್ಯಾಮ್," ಎಂದು ಅವನು ಹೋದಾಗ ಲೋರ್ನಾಳ ಕುತ್ತಿಗೆ ಬೀಟ್‌ರೂಟಿನಂತೆ ಕೆಂಪಾಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಅವಳಿಗೆ ಡ್ಯಾನಿಗೆ ಹೇಳದೆ ಇರಲಾಗಲಿಲ್ಲ. ಅಭ್ಯಾಸ ಮುಗಿಸಿ ಕೈಗವಸು ಒಣಗಿಸಲು ಬಂದವನ ಎದುರು ಎಲ್ಲವನ್ನೂ ಹೇಳಿಕೊಂಡಳು: ತಾನು ಬಾಯಿ ಜಾರಿದ್ದು, ಏಮಸ್ ಕೇಳಿದ್ದು, ತಾನು ಸರಿ ಮಾಡಿದ್ದು. ಹುಡುಗ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಆಗಲಿಲ್ಲ. ಬೆಂಚಿನ ಮೇಲೆ ಕೂತ.

"ಅವನು ನಂಬಿದ್ನಾ ಮ್ಯಾಮ್?"

"ನಂಬಿದ ಕಣೋ. ನಾನು ಹೇಳಿದ್ರೆ ನಂಬ್ದೆ ಇರ್ತಾನಾ?"

"ಅದೇ ಈಗ ಕಷ್ಟ. ನಾನು ಸೇತುವೆ ಮೇಲೆ ಹೋಗಿದ್ದನ್ನ ಯಾರಾದ್ರೂ ನೋಡಿರ್ತಾರೆ. ಇವತ್ತಲ್ಲ ನಾಳೆ ಮಾತು ಬರುತ್ತೆ. ಆಗ ಏಮಸ್‌ನ ಕರೆದು ಕೇಳ್ತಾರೆ, ನಿಂಗೆ ಗೊತ್ತಿತ್ತಲ್ಲ, ಯಾಕೆ ಸುಮ್ನಿದ್ದೆ ಅಂತ. ಅವನೂ ಹೋಗ್ತಾನೆ."

"ಹಂಗಾಗಲ್ಲ. ನಾನು ಬಿಡಲ್ಲ."

"ನೀವು ಈಗಾಗ್ಲೇ ನನಗೋಸ್ಕರ ಒಂದು ಸುಳ್ಳು ಹೇಳಿದೀರಿ. ಇನ್ನೆಷ್ಟು ಹೇಳ್ತೀರಿ?"

ಅವನು ಕೈಗವಸುಗಳನ್ನು ಅಲ್ಲೇ ಬಿಟ್ಟು, ಬೆವರಿನ ಬಟ್ಟೆಯಲ್ಲೇ ಗುಡ್ಡ ಹತ್ತಿ ಹೋಗಿ ಎಲ್ಲವನ್ನೂ ತಾನೇ ಒಪ್ಪಿಸಿದ.

ವಿಚಾರಣೆ ಮಾಡುವವರು ಕೆಡೆಟ್‌ಗಳೇ. ನಡುವೆ ಕೂತಿದ್ದವಳು ಕೊನೆಯ ವರ್ಷದ ಒಬ್ಬ ಹುಡುಗಿ. ಕೂದಲು ಎಷ್ಟು ಬಿಗಿಯಾಗಿ ಕಟ್ಟಿದ್ದಳೆಂದರೆ ಹುಬ್ಬು ಮೇಲೆದ್ದಿತ್ತು. ಡ್ಯಾನಿಯ ವಿಷಯ ಅವನ ಮಾತಿನಲ್ಲೇ ತೀರ್ಮಾನವಾಗಿತ್ತು. ಉಳಿದದ್ದು ಏಮಸ್ ವಿಷಯ. ಗೊತ್ತಿದ್ದೂ ಮುಚ್ಚಿಟ್ಟನೋ, ಇಲ್ಲವೋ? ಅದನ್ನು ಹೇಳಬಲ್ಲವಳು ಲೋರ್ನಾ ಒಬ್ಬಳೇ. ಕೋಣೆಯಲ್ಲಿದ್ದೆನಲ್ಲ ಎಂದು ನನ್ನನ್ನೂ ಕರೆದಿದ್ದರು. ನಾನು ಕಂಡದ್ದನ್ನು ಹೇಳಿ ಗೋಡೆಯ ಪಕ್ಕ ಕೂತೆ. ಲೋರ್ನಾ ಇಗರ್ಜಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ಅಲ್ಲಿದ್ದ ಅರ್ಧ ಮಕ್ಕಳು ಅವಳ ಮನೆಯಲ್ಲಿ ಉಂಡವರು.

"ಗುರುವಾರ ಕೆಡೆಟ್ ಟಿಲರಿ ಕೇಳಿದಾಗ ನೀವು ಏನು ಹೇಳಿದ್ರಿ ಮ್ಯಾಮ್?"

"ಸುಳ್ಳು ಹೇಳ್ದೆ."

"ಹಾಗೆ ಹೇಳಿ ಅಂತ ಅವರು ಸೂಚಿಸಿದ್ರಾ?"

"ಇಲ್ಲ. ಅವನು ನಿಜ ಕೇಳೋಕೆ ಬಂದ. ನಾನು ಸುಳ್ಳು ಕೊಟ್ಟು ಕಳಿಸ್ದೆ."

"ಬುಧವಾರ ನಿಜ ಹೇಳಿದ್ರಿ, ಗುರುವಾರ ಸುಳ್ಳು ಹೇಳಿದ್ರಿ. ಎರಡೂ ಕೇಳಿದವರು ಎರಡನೇದನ್ನೇ ಯಾಕೆ ನಂಬ್ತಾರೆ?"

ಲೋರ್ನಾ ಕೋಟಿನ ಗುಂಡಿ ಹಿಡಿದುಕೊಂಡಳು.

"ಯಾಕಂದ್ರೆ ಅಲ್ಲೀವರೆಗೂ ನಾನು ಯಾವ ಹುಡುಗನಿಗೂ ಸುಳ್ಳು ಹೇಳಿರ್ಲಿಲ್ಲ ತಾಯಿ," ಎಂದಳು.

ಏಮಸ್ ಉಳಿದ. ಡ್ಯಾನಿ ಉಳಿಯಲಿಲ್ಲ.

ಹೊರಗೆ ಬಂದ ಮೇಲೆ ಲೋರ್ನಾ ಏಮಸ್‌ನ ತೋಳು ಹಿಡಿದುಕೊಂಡು, "ನನ್ನಿಂದ ನಿಂಗೆ ಇಷ್ಟೆಲ್ಲ ಆಯ್ತು, ಕ್ಷಮಿಸ್ಬಿಡು ಮಗಾ," ಎಂದಳು.

ಅವನು ತಲೆ ಎತ್ತಲಿಲ್ಲ. "ನಂಬ್ಬೇಕು ಅಂತ ನಂಬಿದೆ ಮ್ಯಾಮ್. ಅದನ್ನ ಅವ್ರು ಕೇಳ್ಲಿಲ್ಲ," ಎಂದು ಹೊರಟು ಹೋದ. ಆ ಹುಡುಗ ಮುಂದೆ ಮೇಜರ್ ಆದ. ಊರಿಗೆ ಬಂದಾಗ ಎಲ್ಲರನ್ನೂ ಕಾಣುತ್ತಾನೆ, ಲೋರ್ನಾಳ ಬೀದಿಗೆ ಮಾತ್ರ ಬರುವುದಿಲ್ಲ. ಅವಳ ಮೇಲೆ ಕೋಪವಲ್ಲ ಎಂದು ನನ್ನ ಎಣಿಕೆ. ಅವಳ ಮುಖ ಕಂಡರೆ ಅವನಿಗೆ ತನ್ನ ಮುಖ ಕಾಣುತ್ತದೆ.

ನಾನು ನಿಯಮ ಕೆಟ್ಟದ್ದು ಎನ್ನುವುದಿಲ್ಲ. ಯುದ್ಧದಲ್ಲಿ ಪಕ್ಕದವನ ಮಾತನ್ನೇ ನಂಬಿ ಪ್ರಾಣ ಪಣಕ್ಕಿಡಬೇಕಾದವರಿಗೆ ಬೇರೆ ದಾರಿಯೂ ಇಲ್ಲವೇನೋ. ಆದರೆ ಅಪ್ಪನ ಮುಖ ನೋಡಿ ಬಂದ ಹುಡುಗನನ್ನು ಮನೆಗೆ ಕಳಿಸಿದ ದಿನ ನನಗೆ ಆ ಗುಡ್ಡದ ಮೇಲಿನ ಕಲ್ಲುಕಟ್ಟಡಗಳನ್ನು ಕಂಡರೆ ಮೈ ಉರಿಯಿತು. ಲೋರ್ನಾಗೆ ಉರಿಯಲಿಲ್ಲ. ಅವಳು ನಿಯಮವನ್ನು ಬೈಯಲು ನನ್ನನ್ನೂ ಬಿಡಲಿಲ್ಲ.

"ನಿಯಮ ನಂಗೆ ಗೊತ್ತಿತ್ತು ಗಸ್. ಗೊತ್ತಿಲ್ದೇ ಇದ್ದಿದ್ರೆ ಮಾತು ಬೇರೆ."

ಕಾಗದ ಪತ್ರದ ಕೆಲಸ ಮುಗಿಯುವಷ್ಟರಲ್ಲಿ ನಾವಿಕರ ಪಂದ್ಯವೂ ಬಂತು. ಡ್ಯಾನಿ ಸಾದಾ ಬಟ್ಟೆಯಲ್ಲಿ ಬೇಲಿಯ ಹೊರಗೆ ನನ್ನ ಪಕ್ಕ ನಿಂತು ನೋಡಿದ. ಬದಲಿ ಗೋಲ್‌ಕೀಪರ್ ಪಾಪ ಚೆನ್ನಾಗಿಯೇ ಆಡಿದ. ಕೊನೆಗೆ ಒಂದು ಮೂಲೆಯ ಹೊಡೆತಕ್ಕೆ ತಡವಾಗಿ ಹಾರಿದ. ಡ್ಯಾನಿಯ ಭುಜವೂ ಬೇಲಿಯಾಚೆ ಅದೇ ಕ್ಷಣಕ್ಕೆ ಜಗ್ಗಿತು. ನಮ್ಮ ಹಾಡು ಮೊದಲು ಹಾಡಿದರು. ಲೋರ್ನಾ ಬೆಂಚಿನ ಹಿಂದೆ ಒದ್ದೆ ಟವೆಲುಗಳನ್ನು ಮಡಿಸುತ್ತಿದ್ದಳು. ಒದ್ದೆ ಟವೆಲನ್ನು ಯಾರಾದರೂ ಮಡಿಸುತ್ತಾರೆಯೇ?

ಮುಂದಿನ ವಾರ ಎಉಸೆಬಿಯೊ ಮಗನನ್ನು ಕರೆದೊಯ್ಯಲು ಬಂದರು. ಟ್ರಕ್ಕು ಲೋರ್ನಾಳ ಮನೆಯ ಮುಂದೆ ನಿಂತಿತು. ಡ್ಯಾನಿಯ ಪೆಟ್ಟಿಗೆಗಳನ್ನು ನಾನೇ ಬಸ್ಸಿನಲ್ಲಿ ತಂದಿದ್ದೆ. ಅಪ್ಪ ಕುಳ್ಳ ಮನುಷ್ಯ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಬಂದರು. ಅವರಿಗೆ ಇಂಗ್ಲಿಷ್ ಬಾರದು. ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ, ಮಗನ ಕಡೆ ತಿರುಗಿದರು.

ಡ್ಯಾನಿ ನೆಲ ನೋಡುತ್ತಾ ಲೋರ್ನಾಗೆ ತಿಳಿಸಿದ. "ಅಪ್ಪ ನಿಮ್ಮ ಹತ್ರ ಕ್ಷಮೆ ಕೇಳ್ತಿದಾರೆ. ತಪ್ಪೆಲ್ಲ ಅವರದಂತೆ. ಒಂದ್ಸಲ ಮುಖ ತೋರ್ಸು ಬಾ ಅಂತ ನಾನೇ ಕರೆದೆ, ಕರೀದೇ ಹೋಗಿದ್ರೆ ಮಗ ಆಫೀಸರ್ ಆಗ್ತಿದ್ದ ಅಂತಿದಾರೆ."

ಲೋರ್ನಾ ಎರಡು ಹೆಜ್ಜೆ ಮುಂದೆ ಬಂದಳು. "ಅಲ್ಲ ಅಂತ ಹೇಳು. ಅವ್ರು ಕರೆದದ್ರಿಂದ ಏನೂ ಆಗ್ಲಿಲ್ಲ, ನೀನು ಹೋಗಿದ್ರಿಂದ್ಲೂ ಆಗ್ಲಿಲ್ಲ. ಈ ಮುದುಕಿ ಬಾಯಿ ಬಿಟ್ಟಳು, ಆಮೇಲೆ ಸುಳ್ಳು ಹೇಳಿ ನಿನ್ನನ್ನ ಮೂಲೆಗೆ ತಳ್ಳಿದ್ಲು ಅಂತ ಹೇಳು. ಒಂದಕ್ಷರ ಬಿಡ್ದೆ ಹೇಳು ಮಗಾ."

ಡ್ಯಾನಿ ಅವಳನ್ನು ನೋಡಿದ. ಆಮೇಲೆ ಅಪ್ಪನಿಗೆ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಎಉಸೆಬಿಯೊ ಅವರ ಕಣ್ಣು ತುಂಬಿತು. ಅವರು ಲೋರ್ನಾಳ ಎರಡೂ ಕೈ ಹಿಡಿದು ಮುತ್ತಿಟ್ಟರು. "ಗ್ರಾಸಿಯಾಸ್, ಸೆನ್ಯೋರಾ," ಎಂದು ಮತ್ತೆ ಮತ್ತೆ ಧನ್ಯವಾದ ಹೇಳಿದರು. ಲೋರ್ನಾ ಅಳುತ್ತಾ ತಲೆಯಾಡಿಸಿದಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖ ಸಡಿಲವಾದದ್ದನ್ನು ಕಂಡೆ. ಡ್ಯಾನಿ ಅವಳನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡು ಟ್ರಕ್ಕು ಹತ್ತಿದ.

ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಕಣ್ಣೊರೆಸಿಕೊಂಡಳು.

"ಎಷ್ಟು ದೊಡ್ಡ ಮನಸ್ಸು ಗಸ್ ಆ ಮನುಷ್ಯನ್ದು. ನಾನು ಮಾಡಿದ್ದು ಕೇಳಿಯೂ ಕೈಗೆ ಮುತ್ತು ಕೊಟ್ರು."

ನಾನು ಬಸ್ಸಿನ ಕಡೆ ತಿರುಗಿದೆ. ನನ್ನ ಹೆಂಡತಿ ನಿಲ್ಡಾ ಪೋರ್ಟೊ ರಿಕೊದವಳು. ಮದುವೆಯಾದಾಗಿನಿಂದ ಸ್ಪ್ಯಾನಿಷ್‌ನಲ್ಲೇ ಬೈಸಿಕೊಂಡವನು ನಾನು. ಅದು ಲೋರ್ನಾಗೂ ಗೊತ್ತಿತ್ತು. ನಾನು ಮುಖ ತಪ್ಪಿಸಿದ್ದು ಕಂಡು ಅವಳಿಗೆ ಅನುಮಾನ ಬಂತು.

"ಗಸ್. ನಾನು ಹೇಳಿದ್ದನ್ನ ಅವನು ಹೇಳಿದ ತಾನೇ?"

ಹೌದು ಎಂದುಬಿಡೋಣ ಎಂದು ಬಾಯಿ ತೆರೆದೆ. ಆದರೆ ಆ ಬೀದಿಯಲ್ಲಿ ಅಷ್ಟು ಸುಳ್ಳು ಸಾಕಾಗಿತ್ತು.

"ಇಲ್ಲ ಲೋರ್ನಾ. 'ನಾನು ಇವ್ರಿಗೆ ಮಗನ ಹಾಗಿದ್ದೆನಂತೆ ಅಪ್ಪಾ, ನಾನಿಲ್ದೆ ಭಾನುವಾರ ಹೇಗೆ ಕಳೀಲಿ ಅಂತಿದಾರೆ' ಅಂದ."

ಅವಳು ಮೆಟ್ಟಿಲ ಮೇಲೆ ಕೂತಳು. ರಸ್ತೆ ಖಾಲಿಯಿತ್ತು.

"ಹಂಗಾದ್ರೆ ಆ ಮನುಷ್ಯ ಲಾರೆಡೋವರೆಗೂ ತನ್ನದೇ ತಪ್ಪು ಅಂದ್ಕೊಂಡೇ ಗಾಡಿ ಓಡಿಸ್ತಾರೆ," ಎಂದಳು.